ವೈಫಲ್ಯದ ಭಯ

ವೈಫಲ್ಯದ ಭಯ ಅಥವಾ ಸೋಲಿನ ಭಯ ಎಂಬುದು ಕೈಗೊಂಡ ಇಲ್ಲವೇ ಕೈಗೊಳ್ಳಬೇಕಾದ ಕೆಲಸದಲ್ಲಿ ಸೋಲುವ ಸಾಧ್ಯತೆಯನ್ನು ನೆನೆದು ಉಂಟಾಗುವ ಆತಂಕವನ್ನು, ಆ ಆತಂಕದಿಂದ ತಪ್ಪಿಸಿಕೊಳ್ಳಲು ವ್ಯಕ್ತಿ ಅನುಸರಿಸುವ ನಡವಳಿಕೆಗಳನ್ನು ಒಟ್ಟಾಗಿ ಸೂಚಿಸುವ ಮನೋವಿಜ್ಞಾನದ ಪರಿಕಲ್ಪನೆಯಾಗಿದೆ. ಪರೀಕ್ಷೆ, ಕ್ರೀಡೆ, ಉದ್ಯೋಗ, ವ್ಯಾಪಾರ, ಕಲಾಪ್ರದರ್ಶನ ಮೊದಲಾಗಿ ಫಲಿತಾಂಶವನ್ನು ಇತರರು ಅಳೆಯುವ ಎಲ್ಲ ಕ್ಷೇತ್ರಗಳಲ್ಲಿಯೂ ಇದು ಕಂಡುಬರುತ್ತದೆ. ಮಿತವಾಗಿದ್ದಾಗ ಸಿದ್ಧತೆಗೆ ಪ್ರೇರಣೆ ನೀಡುವ ಈ ಭಯವು ಮಿತಿಮೀರಿದಾಗ ಪ್ರಯತ್ನವನ್ನೇ ಕೈಬಿಡುವಂತೆ ಮಾಡುತ್ತದೆ. ವಿಪರೀತ ಸ್ವರೂಪದ ಭಯವನ್ನು ಗ್ರೀಕ್ ಮೂಲದ 'ಅಟಿಕಿಫೋಬಿಯಾ' ಎಂಬ ಪದದಿಂದ ಕರೆಯುವುದುಂಟು; ಆದರೆ ಪ್ರಚಲಿತ ರೋಗವರ್ಗೀಕರಣಗಳಲ್ಲಿ ಇದು ಪ್ರತ್ಯೇಕ ಕಾಯಿಲೆಯಾಗಿ ಸೇರಿಲ್ಲ. ಆತಂಕ ಅಥವಾ ಖಿನ್ನತೆಯ ಭಾಗವಾಗಿ ವೈದ್ಯರು ಇದನ್ನು ಪರಿಗಣಿಸುತ್ತಾರೆ.

ಸ್ವರೂಪ

ಹೆಸರು ಸೂಚಿಸುವಂತೆ ಇದು ಕೇವಲ ಸೋಲಿನ ಭಯವಲ್ಲ. ಯಾರೂ ನೋಡದಿರುವಾಗ ಮನೆಯಲ್ಲಿ ಪದಬಂಧ ಬಿಡಿಸಲಾಗದೆ ಹೋದರೆ ಯಾರೂ ಹೆದರುವುದಿಲ್ಲ. ಸೋಲು ತನ್ನ ಬಗ್ಗೆ ಏನನ್ನು ಸಾರುತ್ತದೆ, ಅದರಿಂದ ಏನು ಕೈತಪ್ಪುತ್ತದೆ ಎಂಬುದೇ ಭಯದ ನಿಜವಾದ ವಿಷಯ. ಅಮೆರಿಕದ ಮನೋವಿಜ್ಞಾನಿ ಡೇವಿಡ್ ಕಾನ್ರಾಯ್ ಮತ್ತು ಸಹೋದ್ಯೋಗಿಗಳು 2002ರಲ್ಲಿ ರೂಪಿಸಿದ ಮಾಪನವು ಈ ಭಯವನ್ನು ಐದು ಎಳೆಗಳಾಗಿ ಬಿಡಿಸುತ್ತದೆ: ನಾಚಿಕೆ ಮತ್ತು ಅವಮಾನದ ಭಯ, ತನ್ನ ಬಗ್ಗೆ ತನಗೇ ಇರುವ ಎಣಿಕೆ ಕುಸಿಯುವ ಭಯ, ಭವಿಷ್ಯ ಅನಿಶ್ಚಿತವಾಗುವ ಭಯ, ಆಪ್ತರು ತನ್ನಲ್ಲಿ ಆಸಕ್ತಿ ಕಳೆದುಕೊಳ್ಳುವ ಭಯ ಮತ್ತು ಆಪ್ತರನ್ನು ನೋಯಿಸುವ ಭಯ. ಐದರಲ್ಲಿ ಎರಡು ನೇರವಾಗಿ ಆಪ್ತರಿಗೆ ಸಂಬಂಧಿಸಿದವು; ನಾಚಿಕೆಯೂ ನೋಡುವವರಿಲ್ಲದೆ ಹುಟ್ಟುವುದು ಅಪರೂಪ. 'ನಾಲ್ಕು ಜನ ಏನಂದಾರು' ಎಂಬ ಕನ್ನಡದ ಮನೆಮಾತು ಹಿಡಿದಿಡುವುದು ಇದನ್ನೇ.

ಆದ್ದರಿಂದ ಒಂದೇ ಪರೀಕ್ಷೆಗೆ ಕುಳಿತ ಇಬ್ಬರು ವಿದ್ಯಾರ್ಥಿಗಳ ಭಯ ಒಂದೇ ಆಗಿರಬೇಕಿಲ್ಲ. ಒಬ್ಬನಿಗೆ ತಂದೆಯ ಮುಖ ನೋಡುವುದು ಹೇಗೆಂಬ ಚಿಂತೆ ಇದ್ದರೆ, ಇನ್ನೊಬ್ಬಳಿಗೆ ಈ ವರ್ಷ ಅನುತ್ತೀರ್ಣಳಾದರೆ ಓದು ಬಿಡಿಸಿ ಮದುವೆ ಮಾಡಿಬಿಡುವರೆಂಬ ಚಿಂತೆ ಇರಬಹುದು. ಎರಡನೆಯದು ಕೇವಲ ಮನಸ್ಸಿನ ಕಲ್ಪನೆಯಲ್ಲ. ಅದನ್ನು ಧೈರ್ಯದ ಮಾತಿನಿಂದ ನಿವಾರಿಸಲು ಸಾಧ್ಯವೂ ಇಲ್ಲ. ಭಯದಲ್ಲಿ ತಪ್ಪು ಎಣಿಕೆ ಎಷ್ಟು, ನಿಜವಾದ ಅಪಾಯ ಎಷ್ಟು ಎಂದು ಬೇರ್ಪಡಿಸುವುದು ಈ ವಿಷಯದ ಯಾವುದೇ ಚರ್ಚೆಯ ಮೊದಲ ಹೆಜ್ಜೆ.

ಅಧ್ಯಯನದ ಇತಿಹಾಸ

1950ರ ದಶಕದಲ್ಲಿ ಡೇವಿಡ್ ಮೆಕ್‌ಕ್ಲೆಲೆಂಡ್ ಮತ್ತು ಜಾನ್ ಅಟ್ಕಿನ್‌ಸನ್ ಅವರ ಸಾಧನಾ ಪ್ರೇರಣೆಯ ಸಂಶೋಧನೆಗಳೊಂದಿಗೆ ಈ ವಿಷಯ ಪ್ರಯೋಗಶಾಲೆಯಲ್ಲಿ ಮುಖ್ಯ ಸ್ಥಾನ ಪಡೆಯಿತು. ಯಶಸ್ಸನ್ನು ಪಡೆಯುವ ಬಯಕೆ ಮತ್ತು ಸೋಲನ್ನು ತಪ್ಪಿಸುವ ಬಯಕೆ ಒಂದೇ ಬಯಕೆಯ ಎರಡು ಮುಖಗಳಲ್ಲ, ಎರಡು ಬೇರೆ ಪ್ರೇರಣೆಗಳು ಎಂದು ಅಟ್ಕಿನ್‌ಸನ್ 1957ರಲ್ಲಿ ಪ್ರತಿಪಾದಿಸಿದರು. ಇದನ್ನು ಪರೀಕ್ಷಿಸಲು ಬಳಸಿದ ವಿಧಾನ ಸರಳವಾಗಿತ್ತು. ಜಾತ್ರೆಗಳಲ್ಲಿ ಕಾಣುವಂತೆ ಗೂಟಕ್ಕೆ ಬಳೆ ಎಸೆಯುವ ಆಟವನ್ನು ಏರ್ಪಡಿಸಿ, ಎಷ್ಟು ದೂರದಿಂದ ಎಸೆಯಬೇಕೆಂಬ ಆಯ್ಕೆಯನ್ನು ಆಟಗಾರರಿಗೇ ಬಿಡಲಾಯಿತು. ಸಾಧನೆಯ ಬಯಕೆ ಮೇಲುಗೈಯಾಗಿದ್ದವರು ಹೆಚ್ಚಾಗಿ ನಡುವಣ ದೂರವನ್ನು ಆರಿಸಿಕೊಂಡರು. ಸೋಲಿನ ಭಯ ಹೆಚ್ಚಿದ್ದವರಲ್ಲಿ ಈ ಒಲವು ಕಡಿಮೆಯಿತ್ತು. ತೀರ ಹತ್ತಿರದಿಂದ ಎಸೆದರೆ ಸೋಲುವ ಭಯವಿಲ್ಲ, ತೀರ ದೂರದಿಂದ ಎಸೆದು ತಪ್ಪಿದರೆ ಯಾರೂ ದೂರುವುದಿಲ್ಲ ಎಂಬುದು ಅಟ್ಕಿನ್‌ಸನ್ ನೀಡಿದ ವಿವರಣೆ. ಸೋಲಿಗೆ ಹೆದರುವವನು ಯಾವಾಗಲೂ ಹಿಂಜರಿಯುತ್ತಾನೆ ಎಂದೇನಿಲ್ಲ. ಅಸಾಧ್ಯವಾದ ಗುರಿಯನ್ನು ಹಿಡಿಯುವುದೂ ಅಡಗಿಕೊಳ್ಳುವ ಒಂದು ಬಗೆ ಎಂದು ಈ ಸಿದ್ಧಾಂತದಿಂದ ತಿಳಿಯಿತು.

1967ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ ನಾಯಿಗಳ ಮೇಲೆ ನಡೆಸಿದ ಪ್ರಯೋಗಗಳು 'ಕಲಿತ ಅಸಹಾಯಕತೆ' ಎಂಬ ಪರಿಕಲ್ಪನೆಗೆ ಕಾರಣವಾದವು. ಏನು ಮಾಡಿದರೂ ನಿಲ್ಲದ ವಿದ್ಯುದಾಘಾತವನ್ನು ಅನುಭವಿಸಿದ ನಾಯಿಗಳಲ್ಲಿ ಹಲವು, ಮುಂದೆ ಗಿಡ್ಡ ತಡೆಯೊಂದನ್ನು ಹಾರಿ ಪಾರಾಗುವ ಅವಕಾಶವಿದ್ದಾಗಲೂ ಸುಮ್ಮನೆ ಮಲಗಿಬಿಟ್ಟವು. ಅಷ್ಟೇ ಪ್ರಮಾಣದ ಆಘಾತವನ್ನು ಪಡೆದಿದ್ದರೂ ಅದನ್ನು ತಾವೇ ನಿಲ್ಲಿಸಬಲ್ಲ ಸ್ಥಿತಿಯಲ್ಲಿದ್ದ ನಾಯಿಗಳು ಹಾಗೆ ಕೈಚೆಲ್ಲಲಿಲ್ಲ. ಪೆಟ್ಟಿಗಿಂತ, ಪೆಟ್ಟಿನ ಮೇಲೆ ತನಗೆ ಹಿಡಿತವಿಲ್ಲವೆಂಬ ಅನುಭವವೇ ಕುಗ್ಗಿಸುತ್ತದೆ ಎಂಬ ತೀರ್ಮಾನ ಹೀಗೆ ಬಂತು. ಸುಮಾರು ಐವತ್ತು ವರ್ಷಗಳ ನಂತರ, 2016ರಲ್ಲಿ, ಇದೇ ಇಬ್ಬರು ಮಿದುಳಿನ ಅಧ್ಯಯನಗಳ ಆಧಾರದಲ್ಲಿ ತಮ್ಮ ಮೂಲ ವಿವರಣೆಯನ್ನು ತಿರುಗುಮುರುಗು ಮಾಡಿದರು. ದೀರ್ಘ ಸಂಕಟಕ್ಕೆ ಸ್ತನಿಗಳ ಸಹಜ ಪ್ರತಿಕ್ರಿಯೆಯೇ ನಿಷ್ಕ್ರಿಯತೆ. ಕಲಿಯುವುದು ಅಸಹಾಯಕತೆಯನ್ನಲ್ಲ, ಹಿಡಿತ ಸಾಧ್ಯ ಎಂಬುದನ್ನು ಎಂದು ಅವರು ತಿದ್ದಿಕೊಂಡರು. ತಮ್ಮದೇ ಪ್ರಸಿದ್ಧ ಸಿದ್ಧಾಂತದ ತಪ್ಪನ್ನು ತಾವೇ ಬರೆದು ಪ್ರಕಟಿಸಿದ ಅಪರೂಪದ ನಿದರ್ಶನವಾಗಿಯೂ ಈ ಲೇಖನ ಗಮನಾರ್ಹ.

ಇದರ ನಡುವಿನ ಅವಧಿಯಲ್ಲಿ ಬರ್ನಾರ್ಡ್ ವೀನರ್ ಅವರು ಜನರು ತಮ್ಮ ಗೆಲುವು ಸೋಲುಗಳಿಗೆ ಯಾವ ಕಾರಣ ಕೊಟ್ಟುಕೊಳ್ಳುತ್ತಾರೆ ಎಂಬುದನ್ನು ವಿಶ್ಲೇಷಿಸಿದರು. ಕಾರಣ ತನ್ನೊಳಗಿನದೋ ಹೊರಗಿನದೋ, ಸ್ಥಿರವಾದುದೋ ಬದಲಾಗುವಂಥದೋ, ತನ್ನ ಹಿಡಿತದಲ್ಲಿದೆಯೋ ಇಲ್ಲವೋ ಎಂಬ ಮೂರು ಪ್ರಶ್ನೆಗಳು ಅವರ ಸಿದ್ಧಾಂತದ ತಳಹದಿ. 'ನನಗೆ ಗಣಿತದ ತಲೆಯೇ ಇಲ್ಲ' ಎಂದುಕೊಳ್ಳುವ ವಿದ್ಯಾರ್ಥಿ ಒಳಗಿನ, ಸ್ಥಿರವಾದ, ಹಿಡಿತಕ್ಕೆ ಸಿಗದ ಕಾರಣವನ್ನು ಆರಿಸಿಕೊಂಡಿದ್ದಾನೆ. 'ಬೀಜಗಣಿತದ ಲೆಕ್ಕಗಳನ್ನು ಬರೆದು ಅಭ್ಯಾಸ ಮಾಡಲಿಲ್ಲ' ಎಂದುಕೊಳ್ಳುವವನೂ ಹೊಣೆಯನ್ನು ತನ್ನ ಮೇಲೆಯೇ ಹೊರುತ್ತಾನೆ, ಆದರೆ ಮುಂದಿನ ಸಲ ಮಾಡಬೇಕಾದ ಕೆಲಸವೊಂದು ಅವನ ಮುಂದಿರುತ್ತದೆ.

ನಡವಳಿಕೆಯಲ್ಲಿ ಕಾಣುವ ಬಗೆ

ವೈಫಲ್ಯದ ಭಯ ಹೆಚ್ಚಾಗಿ ಭಯದ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹೊಟ್ಟೆ ತೊಳಸುವುದು, ಕೈ ಬೆವರುವುದು, ನಿದ್ದೆ ಬಾರದಿರುವುದು ಪರೀಕ್ಷೆಯ ಹಿಂದಿನ ದಿನ ಯಾರಿಗಾದರೂ ಆಗಬಹುದು. ಅದಕ್ಕಿಂತ ಮುಖ್ಯವಾದವು ಬೇರೆ ಹೆಸರಿನಿಂದ ಕರೆಯಿಸಿಕೊಳ್ಳುವ ಲಕ್ಷಣಗಳು. ಕೆಲಸವನ್ನು ಕೊನೆಯ ಗಳಿಗೆಯವರೆಗೆ ಮುಂದೂಡುವವನನ್ನು ಸೋಮಾರಿ ಎನ್ನಲಾಗುತ್ತದೆ. ಬರೆದದ್ದನ್ನು ಮತ್ತೆ ಮತ್ತೆ ತಿದ್ದುತ್ತ ಯಾರಿಗೂ ತೋರಿಸದವನನ್ನು ಅಚ್ಚುಕಟ್ಟಿನವನು ಎಂದು ಹೊಗಳಲಾಗುತ್ತದೆ. ತರಗತಿಯಲ್ಲಿ ಎಂದೂ ಕೈಯೆತ್ತದವಳು ಸಂಕೋಚದ ಹುಡುಗಿಯಾಗುತ್ತಾಳೆ. ಮೂವರಲ್ಲಿಯೂ ಇರುವುದು ಅಳೆಯಿಸಿಕೊಳ್ಳುವ ಕ್ಷಣವನ್ನು ದೂರವಿಡುವ ಪ್ರಯತ್ನವೇ ಆಗಿರಬಹುದು.

ಇವುಗಳಲ್ಲಿ ಹೆಚ್ಚು ಅಧ್ಯಯನಕ್ಕೆ ಒಳಗಾದದ್ದು ತನಗೆ ತಾನೇ ಅಡ್ಡಿಯೊಡ್ಡಿಕೊಳ್ಳುವ ಪ್ರವೃತ್ತಿ. 1978ರಲ್ಲಿ ಸ್ಟೀವನ್ ಬರ್ಗ್ಲಾಸ್ ಮತ್ತು ಎಡ್ವರ್ಡ್ ಜೋನ್ಸ್ ಒಂದು ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಬಿಡಿಸಲಾಗದ ಸಮಸ್ಯೆಗಳನ್ನು ಕೊಟ್ಟು, ಉತ್ತರಗಳು ಹೇಗಿದ್ದರೂ ಚೆನ್ನಾಗಿ ಮಾಡಿದಿರಿ ಎಂದು ಹೇಳಿದರು. ಮುಂದಿನ ಪರೀಕ್ಷೆಗೆ ಮೊದಲು ಎರಡು ಔಷಧಿಗಳಲ್ಲಿ ಒಂದನ್ನು ಆರಿಸಿಕೊಳ್ಳುವಂತೆ ಸೂಚಿಸಲಾಯಿತು: ಒಂದು ಬುದ್ಧಿಶಕ್ತಿಯನ್ನು ಚುರುಕುಗೊಳಿಸುವಂಥದು, ಇನ್ನೊಂದು ಮಂಕುಗೊಳಿಸುವಂಥದು ಎಂದು ಅವರಿಗೆ ತಿಳಿಸಲಾಗಿತ್ತು. ಗೆದ್ದದ್ದು ಹೇಗೆಂದು ತಮಗೇ ಗೊತ್ತಿಲ್ಲದ ಯುವಕರಲ್ಲಿ ಹೆಚ್ಚಿನವರು ಮಂಕುಗೊಳಿಸುವ ಔಷಧಿಯನ್ನು ಆರಿಸಿಕೊಂಡರು. ಸೋತರೆ ಔಷಧಿಯ ಮೇಲೆ ಹಾಕಬಹುದಾಗಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಸಿನಿಮಾಕ್ಕೆ ಹೋಗುವುದು, 'ನಾನು ಏನೂ ಓದಿಲ್ಲ' ಎಂದು ಗೆಳೆಯರ ಮುಂದೆ ಮೊದಲೇ ಸಾರಿಕೊಳ್ಳುವುದು ಇದರ ನಿತ್ಯದ ರೂಪಗಳು. 'ಕುಣಿಯಲಾರದವಳು ನೆಲ ಡೊಂಕು ಎಂದಳಂತೆ' ಎಂಬ ಗಾದೆಯಲ್ಲಿ ನೆಪ ಕುಣಿದ ನಂತರ ಬರುತ್ತದೆ. ಇಲ್ಲಿ ಕುಣಿಯುವ ಮೊದಲೇ ನೆಲವನ್ನು ಡೊಂಕು ಮಾಡಿಕೊಳ್ಳಲಾಗುತ್ತದೆ.

ಇದು ಮೂರ್ಖತನವಲ್ಲ ಎಂಬುದನ್ನು ಮಾರ್ಟಿನ್ ಕೋವಿಂಗ್ಟನ್ ಅವರ ಸ್ವಮೌಲ್ಯ ಸಿದ್ಧಾಂತ ವಿವರಿಸುತ್ತದೆ. ಸಾಮರ್ಥ್ಯವೇ ಮನುಷ್ಯನ ಬೆಲೆ ಎಂದು ತರಗತಿ ಕಲಿಸಿದಾಗ ಪ್ರಯತ್ನವು ಇಬ್ಬಾಯಿಯ ಖಡ್ಗವಾಗುತ್ತದೆ. ಕಷ್ಟಪಟ್ಟು ಓದದಿದ್ದರೆ ಶಿಕ್ಷಕರು ಬೈಯುತ್ತಾರೆ. ಕಷ್ಟಪಟ್ಟು ಓದಿಯೂ ಸೋತರೆ ದಡ್ಡನೆಂಬುದು ಸಾಬೀತಾಗುತ್ತದೆ. ದಡ್ಡನೆನಿಸಿಕೊಳ್ಳುವುದಕ್ಕಿಂತ ಸೋಮಾರಿ ಎನಿಸಿಕೊಳ್ಳುವುದು ಹಗುರವೆಂದು ಕಂಡ ವಿದ್ಯಾರ್ಥಿ ತನ್ನ ದೃಷ್ಟಿಯಲ್ಲಿ ಸರಿಯಾದ ಲೆಕ್ಕಾಚಾರವನ್ನೇ ಮಾಡಿರುತ್ತಾನೆ.

ಕಾರಣಗಳು

ಈ ಭಯದಲ್ಲಿ ಮನೆಯ ಪಾತ್ರ ದೊಡ್ಡದು. ಆಂಡ್ರ್ಯೂ ಎಲಿಯಟ್ ಮತ್ತು ಟಾಡ್ ಥ್ರ್ಯಾಶ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆತ್ತವರ ವೈಫಲ್ಯಭಯಕ್ಕೂ ಕಾಲೇಜು ವಿದ್ಯಾರ್ಥಿಗಳಾಗಿದ್ದ ಅವರ ಮಕ್ಕಳ ವೈಫಲ್ಯಭಯಕ್ಕೂ ಸಂಬಂಧ ಕಂಡುಬಂತು. ತಾಯಂದಿರ ವಿಷಯದಲ್ಲಿ ಈ ಸಾಗಣೆಯ ಒಂದು ದಾರಿ, ಮಗು ತಪ್ಪು ಮಾಡಿದಾಗ ಪ್ರೀತಿಯನ್ನು ತಾತ್ಕಾಲಿಕವಾಗಿ ಹಿಂತೆಗೆದುಕೊಳ್ಳುವುದಾಗಿತ್ತು. ಹೊಡೆಯದೆ, ಬೈಯದೆ, ಮಾತು ಬಿಟ್ಟು ಮುಖ ತಿರುಗಿಸಿ ಕೂರುವ ಶಿಕ್ಷೆ ಇದು. ಸೋತರೆ ತಾನು ಬೇಡವಾಗುತ್ತೇನೆ ಎಂದು ಮಗು ಅದರಿಂದ ಕಲಿಯುತ್ತದೆ.

ಹೊಗಳಿಕೆಯೂ ನಿರಪಾಯಕಾರಿಯಲ್ಲ. ಕ್ಲಾಡಿಯಾ ಮುಲ್ಲರ್ ಮತ್ತು ಕರೋಲ್ ಡ್ವೆಕ್ 1998ರಲ್ಲಿ ವರದಿ ಮಾಡಿದ ಪ್ರಯೋಗಗಳಲ್ಲಿ ಐದನೇ ತರಗತಿಯ ಮಕ್ಕಳಿಗೆ ಮೊದಲು ಸುಲಭದ ಸಮಸ್ಯೆಗಳನ್ನು ಕೊಟ್ಟು, ಕೆಲವರನ್ನು ಬುದ್ಧಿವಂತಿಕೆಗಾಗಿ, ಕೆಲವರನ್ನು ಶ್ರಮಕ್ಕಾಗಿ ಹೊಗಳಲಾಯಿತು. ಬಳಿಕ ಕಠಿಣ ಸಮಸ್ಯೆಗಳಲ್ಲಿ ಸೋತಾಗ ಬುದ್ಧಿವಂತರೆನಿಸಿಕೊಂಡಿದ್ದ ಮಕ್ಕಳು ಬೇಗ ಉತ್ಸಾಹ ಕಳೆದುಕೊಂಡರು, ನಂತರದ ಸುಲಭ ಸಮಸ್ಯೆಗಳಲ್ಲಿಯೂ ಹಿಂದೆ ಬಿದ್ದರು. ತಮ್ಮ ಅಂಕಗಳನ್ನು ಬೇರೆ ಶಾಲೆಯ ಅಪರಿಚಿತ ಮಗುವಿಗೆ ಬರೆದು ತಿಳಿಸುವಾಗ ಹೆಚ್ಚಿಸಿ ಹೇಳಿದವರೂ ಈ ಗುಂಪಿನಲ್ಲಿಯೇ ಹೆಚ್ಚಾಗಿದ್ದರು. 2016ರಲ್ಲಿ ಕೈಲಾ ಹೈಮೊವಿಟ್ಜ್ ಮತ್ತು ಡ್ವೆಕ್ ಇನ್ನೊಂದು ಅಂಶವನ್ನು ಗುರುತಿಸಿದರು: ಬುದ್ಧಿಶಕ್ತಿಯ ಬಗ್ಗೆ ಹೆತ್ತವರಿಗೆ ಇರುವ ಅಭಿಪ್ರಾಯ ಮಕ್ಕಳಿಗೆ ಅಷ್ಟಾಗಿ ಕಾಣುವುದಿಲ್ಲ, ಆದರೆ ಸೋಲಿನ ಬಗ್ಗೆ ಅವರಿಗೆ ಇರುವ ಅಭಿಪ್ರಾಯ ಕಾಣುತ್ತದೆ. ಅಂಕಪಟ್ಟಿ ನೋಡಿದ ಮೊದಲ ಕ್ಷಣದ ಮುಖಭಾವ ಹಲವು ಉಪದೇಶಗಳಿಗಿಂತ ಹೆಚ್ಚು ಹೇಳುತ್ತದೆ.

ಪರೀಕ್ಷೆ ಮತ್ತು ಫಲಿತಾಂಶ

ಭಾರತದಲ್ಲಿ ವೈಫಲ್ಯದ ಭಯ ಅತಿ ತೀವ್ರವಾಗಿ ಕಾಣುವುದು ಶಾಲಾಂತ್ಯದ ಸಾರ್ವಜನಿಕ ಪರೀಕ್ಷೆಗಳು ಮತ್ತು ವೃತ್ತಿಶಿಕ್ಷಣದ ಪ್ರವೇಶ ಪರೀಕ್ಷೆಗಳ ಸುತ್ತ. ರಾಷ್ಟ್ರೀಯ ಅಪರಾಧ ದಾಖಲೆಗಳ ಸಂಸ್ಥೆಯು ಪ್ರಕಟಿಸುವ ಆತ್ಮಹತ್ಯೆಗಳ ವರದಿಯಲ್ಲಿ 'ಪರೀಕ್ಷೆಯಲ್ಲಿ ಅನುತ್ತೀರ್ಣತೆ' ಎಂಬ ಪ್ರತ್ಯೇಕ ಶೀರ್ಷಿಕೆಯೇ ಇದೆ. ಇಂತಹ ಸಾವುಗಳಿಗೆ ಒಂದೇ ಕಾರಣವಿರುವುದು ವಿರಳವೆಂದೂ, ಮೊದಲೇ ಇದ್ದ ಖಿನ್ನತೆ, ಮನೆಯ ಒತ್ತಡ, ಒಂಟಿತನ ಇವುಗಳ ಮೇಲೆ ಫಲಿತಾಂಶವು ಕೊನೆಯ ಭಾರವಾಗಿ ಬೀಳುತ್ತದೆಂದೂ ತಜ್ಞರು ಹೇಳುತ್ತಾರೆ. ಫಲಿತಾಂಶದ ಮರುದಿನ ಪ್ರಥಮ ಸ್ಥಾನ ಪಡೆದವರ ಭಾವಚಿತ್ರಗಳಿಂದ ತುಂಬುವ ಪತ್ರಿಕೆಯ ಪುಟಗಳನ್ನು ಮತ್ತು ಫಲಕಗಳನ್ನು ಈ ಹಿನ್ನೆಲೆಯಲ್ಲಿ ಟೀಕಿಸುವವರಿದ್ದಾರೆ.

ಕರ್ನಾಟಕದಲ್ಲಿ ಎಸ್.ಎಸ್.ಎಲ್.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಪರೀಕ್ಷೆಗಳಲ್ಲಿ ಅನುತ್ತೀರ್ಣರಾದವರಿಗೆ ದೀರ್ಘಕಾಲದಿಂದ ಪೂರಕ ಪರೀಕ್ಷೆಯ ವ್ಯವಸ್ಥೆ ಇತ್ತು. 2023-24ನೇ ಸಾಲಿನಿಂದ ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿಯು ಇದರ ಬದಲಾಗಿ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಎಂಬ ಮೂರು ಪರೀಕ್ಷೆಗಳ ಪದ್ಧತಿಯನ್ನು ಜಾರಿಗೆ ತಂದಿತು. ಅನುತ್ತೀರ್ಣರು ಮಾತ್ರವಲ್ಲದೆ ಉತ್ತೀರ್ಣರಾಗಿಯೂ ಅಂಕ ಹೆಚ್ಚಿಸಿಕೊಳ್ಳಬಯಸುವವರು ಮುಂದಿನ ಪರೀಕ್ಷೆಗಳನ್ನು ಬರೆದು, ಬಂದ ಅಂಕಗಳಲ್ಲಿ ಉತ್ತಮವಾದುದನ್ನು ಉಳಿಸಿಕೊಳ್ಳಲು ಆ ಪದ್ಧತಿಯಲ್ಲಿ ಅವಕಾಶವಿತ್ತು. ಆಡಳಿತದ ದೃಷ್ಟಿಯಿಂದ ಸಣ್ಣದಾಗಿ ಕಾಣುವ ಈ ಬದಲಾವಣೆಯಿಂದ ಮನೋವೈಜ್ಞಾನಿಕವಾಗಿ ಎರಡು ಪರಿಣಾಮಗಳನ್ನು ನಿರೀಕ್ಷಿಸಬಹುದು: ಮುಂದಿನ ಪ್ರಯತ್ನ ಒಂದು ವರ್ಷ ದೂರದಲ್ಲಿ ಉಳಿಯದೆ ಹತ್ತಿರ ಬರುತ್ತದೆ, ಮತ್ತು ಗೆದ್ದವರೂ ಸೋತವರೂ ಒಂದೇ ಕೊಠಡಿಯಲ್ಲಿ ಕುಳಿತು ಬರೆಯುವುದರಿಂದ 'ಫೇಲಾದವರ ಪರೀಕ್ಷೆ' ಎಂಬ ಮುದ್ರೆ ತೆಳುವಾಗುತ್ತದೆ. ಶಿಕ್ಷಕರಿಗೆ ಬಿಡುವಿಲ್ಲದಾಗುತ್ತದೆ, ಮೊದಲ ಪರೀಕ್ಷೆಯ ಗಾಂಭೀರ್ಯ ಕುಗ್ಗುತ್ತದೆ ಎಂಬ ಆಕ್ಷೇಪಗಳೂ ಇವೆ.

ಫಲಿತಾಂಶದ ನಂತರದ ದಿನಗಳಲ್ಲಿ ವಿದ್ಯಾರ್ಥಿಯು ಊಟ ನಿದ್ದೆ ಬಿಡುವುದು, ಯಾರೊಂದಿಗೂ ಬೆರೆಯದಿರುವುದು, ತಾನಿದ್ದು ಪ್ರಯೋಜನವಿಲ್ಲ ಎಂಬ ಮಾತಾಡುವುದು, ಪ್ರಿಯವಾದ ವಸ್ತುಗಳನ್ನು ಇತರರಿಗೆ ಕೊಟ್ಟುಬಿಡುವುದು ಎಚ್ಚರಿಕೆಯ ಸೂಚನೆಗಳು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳುವುದರಿಂದ ಆ ಯೋಚನೆ ಹೊಸದಾಗಿ ಹುಟ್ಟುವುದಿಲ್ಲ. ಕೇಳುವವರೊಬ್ಬರು ಇದ್ದಾರೆಂಬುದೇ ಹಲವರಿಗೆ ಸಮಾಧಾನ ತರುತ್ತದೆ. ಅಂಥ ಸಮಯದಲ್ಲಿ ವ್ಯಕ್ತಿಯನ್ನು ಒಂಟಿಯಾಗಿ ಬಿಡದೆ ವೈದ್ಯಕೀಯ ನೆರವು ಪಡೆಯಬೇಕು. ಭಾರತ ಸರ್ಕಾರವು 10 ಅಕ್ಟೋಬರ್ 2022ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯು 14416 ಸಂಖ್ಯೆಯಲ್ಲಿ ದಿನದ 24 ಗಂಟೆಯೂ ಉಚಿತವಾಗಿ ದೊರೆಯುತ್ತದೆ, ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಇದರ ಪ್ರಮುಖ ಕೇಂದ್ರವಾಗಿದೆ.

ಭಯವನ್ನು ಎದುರಿಸುವ ವಿಧಾನಗಳು

ಆತ್ಮವಿಶ್ವಾಸ ಬೆಳೆಸಿಕೊಳ್ಳಿ ಎಂಬ ಸಾಮಾನ್ಯ ಸಲಹೆಯ ಇತಿಮಿತಿಯನ್ನು ಆಲ್ಬರ್ಟ್ ಬಂಡೂರ ಅವರ 1977ರ ಸಿದ್ಧಾಂತ ಸ್ಪಷ್ಟಪಡಿಸುತ್ತದೆ. 'ಇದು ನನ್ನಿಂದಾಗುತ್ತದೆ' ಎಂಬ ನಂಬಿಕೆಗೆ ಅವರು ನಾಲ್ಕು ಮೂಲಗಳನ್ನು ಗುರುತಿಸಿದರು: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರು ಮಾಡಿದ್ದನ್ನು ನೋಡಿದ ಅನುಭವ, ಇತರರ ಪ್ರೋತ್ಸಾಹದ ಮಾತು ಮತ್ತು ತನ್ನ ದೇಹಸ್ಥಿತಿಯನ್ನು ತಾನು ಅರ್ಥೈಸಿಕೊಳ್ಳುವ ರೀತಿ. ಇವುಗಳಲ್ಲಿ ಮೊದಲನೆಯದು ಬಲವಾದದ್ದು. ಪ್ರೋತ್ಸಾಹದ ಮಾತು ಅದರ ಮುಂದೆ ದುರ್ಬಲ. ಧೈರ್ಯ ಬಂದ ಮೇಲೆ ಕೆಲಸ ಆರಂಭಿಸುವುದಕ್ಕಿಂತ, ಆರಂಭಿಸಿದ ಸಣ್ಣ ಕೆಲಸದಿಂದ ಧೈರ್ಯ ಬರುವುದೇ ಹೆಚ್ಚು. ಗುರಿಯನ್ನು ಸಣ್ಣ ಭಾಗಗಳಾಗಿ ಒಡೆಯಬೇಕೆಂಬ ಸಲಹೆಗೆ ಆಧಾರ ಇದು.

ಅರಿವಿನ ವರ್ತನಾ ಚಿಕಿತ್ಸೆಯಲ್ಲಿ ಭಯದ ಹಿಂದಿರುವ ಊಹೆಯನ್ನು ಹೊರಗೆಳೆದು ಪರೀಕ್ಷೆಗೆ ಒಡ್ಡಲಾಗುತ್ತದೆ. ಆರನ್ ಬೆಕ್ ಮತ್ತು ಆಲ್ಬರ್ಟ್ ಎಲ್ಲಿಸ್ ಬೇರೆ ಬೇರೆಯಾಗಿ ರೂಪಿಸಿದ ವಿಧಾನಗಳಿಂದ ಬೆಳೆದ ಈ ಚಿಕಿತ್ಸೆಯು ಆತಂಕದ ತೊಂದರೆಗಳಲ್ಲಿ ವ್ಯಾಪಕವಾಗಿ ಪರಿಶೀಲನೆಗೊಂಡಿದೆ. ಸಂದರ್ಶನದಲ್ಲಿ ಒಂದು ಪ್ರಶ್ನೆಗೆ ಉತ್ತರಿಸಲಾಗದಿದ್ದರೆ ಎಲ್ಲರೂ ನಗುತ್ತಾರೆ ಎಂದು ನಂಬಿದ ವ್ಯಕ್ತಿ, ಬೇಕೆಂದೇ 'ಗೊತ್ತಿಲ್ಲ' ಎಂದು ಹೇಳಿ ನಿಜವಾಗಿ ಏನಾಗುತ್ತದೆಂದು ನೋಡುವುದು ಇದರ ಒಂದು ಅಭ್ಯಾಸ. ತಪ್ಪಿಸಿಕೊಂಡಾಗ ಭಯ ತಕ್ಷಣಕ್ಕೆ ಇಳಿಯುತ್ತದೆ. ಆ ಇಳಿತವೇ ಮುಂದಿನ ಸಲ ತಪ್ಪಿಸಿಕೊಳ್ಳಲು ಪ್ರೇರಣೆಯಾಗುತ್ತದೆ. ಈ ಸರಪಳಿಯನ್ನು ತುಂಡರಿಸಲು ಹೆದರುವ ಸನ್ನಿವೇಶಕ್ಕೆ ಹಂತ ಹಂತವಾಗಿ ಮುಖಾಮುಖಿಯಾಗುವುದು ಅಗತ್ಯ. ಭಯದ ಜೊತೆಗೆ ಖಿನ್ನತೆಯೂ ಇದ್ದಲ್ಲಿ ಮನೋವೈದ್ಯರು ಔಷಧವನ್ನೂ ಸೂಚಿಸಬಹುದು.

ಹಿನ್ನಡೆಯ ನಂತರ

ಸೋತ ಮೇಲೆ ಆ ಘಟನೆಯ ಬಗ್ಗೆ ಯೋಚಿಸದಿರುವುದು ಅಸಾಧ್ಯ. ಯಾವ ಬಗೆಯಲ್ಲಿ ಯೋಚಿಸಲಾಗುತ್ತದೆ ಎಂಬುದು ಮುಖ್ಯ. ಸೂಸನ್ ನೋಲನ್-ಹೊಕ್ಸೆಮಾ ಅವರ ಸಂಶೋಧನೆಗಳು ನೋವಿನ ಕಾರಣ ಮತ್ತು ಪರಿಣಾಮಗಳನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ತಿರುವಿಹಾಕುವ ಅಭ್ಯಾಸವು ಖಿನ್ನತೆಯನ್ನು ದೀರ್ಘಗೊಳಿಸುತ್ತದೆಂದು ತೋರಿಸಿದವು. ಕನ್ನಡದಲ್ಲಿ ಇದನ್ನು 'ಮೆಲುಕು' ಎಂದು ಅನುವಾದಿಸುವುದುಂಟು, ಆದರೆ ನೆನಪುಗಳನ್ನು ಮೆಲುಕು ಹಾಕುವುದು ಕನ್ನಡದಲ್ಲಿ ಹಿತವಾದ ಕ್ರಿಯೆ. ಇಲ್ಲಿ ಹೇಳುತ್ತಿರುವುದು ಅರಗದ ಕೊರಗನ್ನು. 'ನನಗೇ ಏಕೆ ಹೀಗಾಯಿತು' ಎಂಬ ಪ್ರಶ್ನೆಗೆ ಕೊನೆಯಿಲ್ಲ. 'ಯಾವ ಪ್ರಶ್ನೆಗಳಲ್ಲಿ ಅಂಕ ಹೋಯಿತು' ಎಂಬುದಕ್ಕೆ ಉತ್ತರವಿದೆ, ಉತ್ತರಪತ್ರಿಕೆಯ ನಕಲು ತರಿಸಿ ನೋಡಬಹುದು.

ತನ್ನನ್ನು ತಾನು ಕಠಿಣವಾಗಿ ದಂಡಿಸಿಕೊಂಡರೆ ಮಾತ್ರ ಸುಧಾರಣೆ ಸಾಧ್ಯವೆಂಬ ನಂಬಿಕೆ ವ್ಯಾಪಕವಾಗಿದೆ. ಕ್ರಿಸ್ಟಿನ್ ನೆಫ್ 2003ರಲ್ಲಿ ಮಂಡಿಸಿದ ಸ್ವ-ಅನುಕಂಪದ ಪರಿಕಲ್ಪನೆ ಇದಕ್ಕೆ ವಿರುದ್ಧವಾದುದು: ಸೋತ ಗೆಳೆಯನೊಂದಿಗೆ ಮಾತನಾಡುವಷ್ಟೇ ಸೌಜನ್ಯದಿಂದ ತನ್ನೊಂದಿಗೂ ನಡೆದುಕೊಳ್ಳುವುದು, ಸೋಲು ಎಲ್ಲರಿಗೂ ಬರುವಂಥದೆಂದು ನೆನೆಯುವುದು, ನೋವನ್ನು ಅಲ್ಲಗಳೆಯದೆಯೂ ಹಿಗ್ಗಿಸದೆಯೂ ಗಮನಿಸುವುದು ಅದರ ಮೂರು ಅಂಗಗಳು. ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕಠಿಣವಾದ ಶಬ್ದಜ್ಞಾನದ ಪರೀಕ್ಷೆಯಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗಳ ಪೈಕಿ, ತಮ್ಮ ಬಗ್ಗೆ ಅನುಕಂಪದಿಂದ ಯೋಚಿಸುವಂತೆ ಸೂಚಿಸಲ್ಪಟ್ಟವರು ಮುಂದಿನ ಪರೀಕ್ಷೆಗೆ ಇತರರಿಗಿಂತ ಹೆಚ್ಚು ಹೊತ್ತು ಓದಿದರು.

ನಿದರ್ಶನಗಳು

ಭದ್ರಾವತಿಯ ಜಿ. ಆರ್. ವಿಶ್ವನಾಥ್ 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟ್ ಪಂದ್ಯವನ್ನಾಡಿದರು. ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರು. ಎರಡನೆಯದರಲ್ಲಿ 137 ರನ್ ಗಳಿಸಿದರು. ಸೊನ್ನೆಯ ನಂತರ ನಾಯಕ ಪಟೌಡಿ ತಮಗೆ ಧೈರ್ಯ ತುಂಬಿದ್ದನ್ನು ವಿಶ್ವನಾಥ್ ನೆನಪಿಸಿಕೊಂಡಿದ್ದಾರೆ. ಛಲಕ್ಕೆ ಉದಾಹರಣೆಯಾಗಿ ಈ ಪ್ರಸಂಗವನ್ನು ಹೇಳುವಾಗ ಒಂದು ಸಂಗತಿ ಮರೆತುಹೋಗುತ್ತದೆ: ಟೆಸ್ಟ್ ಪಂದ್ಯದ ನಿಯಮದಲ್ಲಿಯೇ ಎರಡನೇ ಇನಿಂಗ್ಸ್ ಇದೆ. ಆಟಗಾರನ ಪ್ರತಿಭೆಯೂ ನಾಯಕನ ಮಾತೂ ಫಲಿಸಲು ಆ ಅವಕಾಶ ಬೇಕಾಗಿತ್ತು.

ಸಂಸ್ಥೆಯೊಂದು ಸೋಲನ್ನು ನಿಭಾಯಿಸಿದ ಬಗೆಗೆ ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅನುಭವವನ್ನು ಹೆಚ್ಚಾಗಿ ಉಲ್ಲೇಖಿಸಲಾಗುತ್ತದೆ. ಎಸ್‌ಎಲ್‌ವಿ-3 ಉಡಾವಣಾ ವಾಹನದ ಮೊದಲ ಪ್ರಾಯೋಗಿಕ ಉಡಾವಣೆ 10 ಆಗಸ್ಟ್ 1979ರಂದು ಶ್ರೀಹರಿಕೋಟಾದಿಂದ ನಡೆಯಿತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯ ದೋಷದಿಂದ ವಾಹನವು ಬಂಗಾಳ ಕೊಲ್ಲಿಗೆ ಬಿತ್ತು. ಯೋಜನಾ ನಿರ್ದೇಶಕರಾಗಿದ್ದವರು ಎ. ಪಿ. ಜೆ. ಅಬ್ದುಲ್ ಕಲಾಂ, ಸಂಸ್ಥೆಯ ಅಧ್ಯಕ್ಷರು ಸತೀಶ್ ಧವನ್. ಅಂದು ಪತ್ರಿಕಾಗೋಷ್ಠಿಯನ್ನು ಧವನ್ ತಾವೇ ಎದುರಿಸಿ ಸೋಲಿನ ಹೊಣೆ ಹೊತ್ತರು. 18 ಜುಲೈ 1980ರಂದು ಅದೇ ಬಗೆಯ ವಾಹನವು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದಾಗ ಪತ್ರಿಕಾಗೋಷ್ಠಿ ನಡೆಸುವಂತೆ ಕಲಾಂ ಅವರಿಗೆ ಸೂಚಿಸಿದರು. ಕಲಾಂ ಇದನ್ನು ಮುಂದೆ ತಮ್ಮ ಭಾಷಣಗಳಲ್ಲಿ ಹಲವು ಬಾರಿ ಹೇಳಿದರು. ಪ್ರಸಂಗದ ತಿರುಳು ನಾಯಕನ ಔದಾರ್ಯವಷ್ಟೇ ಅಲ್ಲ. ದೋಷವನ್ನು ಮುಚ್ಚಿಡಬೇಕಾದ ಒತ್ತಡ ಎಂಜಿನಿಯರುಗಳ ಮೇಲೆ ಇಲ್ಲದಿದ್ದಾಗ ಅದನ್ನು ಹುಡುಕುವುದು ಸುಲಭವಾಗುತ್ತದೆ. ಮುಂದೆಯೂ ದಾರಿ ನೇರವಾಗಿರಲಿಲ್ಲ: ಎಎಸ್‌ಎಲ್‌ವಿ ವಾಹನದ ಮೊದಲ ಎರಡು ಉಡಾವಣೆಗಳು 1987 ಮತ್ತು 1988ರಲ್ಲಿಯೂ, ಪಿಎಸ್‌ಎಲ್‌ವಿಯ ಮೊದಲ ಉಡಾವಣೆ 1993ರಲ್ಲಿಯೂ ವಿಫಲವಾದವು.

ಚಂದ್ರಯಾನ-2ರ ವಿಕ್ರಮ್ ಲ್ಯಾಂಡರ್ 7 ಸೆಪ್ಟೆಂಬರ್ 2019ರ ನಸುಕಿನಲ್ಲಿ ಚಂದ್ರನ ಮೇಲೆ ಇಳಿಯುವ ಅಂತಿಮ ಹಂತದಲ್ಲಿ ಸಂಪರ್ಕ ಕಳೆದುಕೊಂಡಿತು. ಚಂದ್ರಯಾನ-3ನ್ನು ವಿನ್ಯಾಸಗೊಳಿಸುವಾಗ ಏನೇನು ಸರಿಹೋಗಬೇಕು ಎನ್ನುವುದಕ್ಕಿಂತ ಏನೇನು ಕೆಡಬಹುದು ಎಂಬ ಪಟ್ಟಿಯಿಂದ ಆರಂಭಿಸಲಾಯಿತೆಂದು ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದರು. ಇಳಿದಾಣದ ವಿಸ್ತಾರವನ್ನು 500 ಮೀಟರ್ ಚೌಕದಿಂದ ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಲಾಯಿತು, ಕಾಲುಗಳನ್ನು ಬಲಪಡಿಸಿ, ಹೆಚ್ಚು ಇಂಧನ ತುಂಬಿ, ನಡುವಿನ ಐದನೇ ಎಂಜಿನನ್ನು ಕೈಬಿಡಲಾಯಿತು. ವಿಫಲವೆಂದು ಜನ ಭಾವಿಸಿದ್ದ ಚಂದ್ರಯಾನ-2ರ ಕಕ್ಷಾನೌಕೆ ಆಗಲೂ ಕೆಲಸ ಮಾಡುತ್ತಿದ್ದು, ಹೊಸ ಲ್ಯಾಂಡರಿನೊಂದಿಗೆ ಸಂಪರ್ಕ ಸಾಧಿಸಿತು. 23 ಆಗಸ್ಟ್ 2023ರಂದು ಲ್ಯಾಂಡರ್ ಸುರಕ್ಷಿತವಾಗಿ ಇಳಿಯಿತು. ಇಲ್ಲಿ ವೈಫಲ್ಯದ ಭಯವನ್ನು ಅಳಿಸುವ ಬದಲು ಅದನ್ನೇ ವಿನ್ಯಾಸದ ಸಾಧನವಾಗಿ ಬಳಸಲಾಗಿದೆ.

ವೈಯಕ್ತಿಕ ಮಟ್ಟದಲ್ಲಿ ಸೋಲುಗಳನ್ನು ಬಹಿರಂಗಪಡಿಸುವ ಒಂದು ಪದ್ಧತಿ ವಿಜ್ಞಾನಿಗಳಲ್ಲಿ ಬೆಳೆದಿದೆ. ಮೆಲನಿ ಸ್ಟೆಫಾನ್ 2010ರಲ್ಲಿ 'ನೇಚರ್' ಪತ್ರಿಕೆಯಲ್ಲಿ, ತಿರಸ್ಕೃತವಾದ ಅರ್ಜಿಗಳನ್ನೂ ಲೇಖನಗಳನ್ನೂ ಪಟ್ಟಿ ಮಾಡಿದ 'ವೈಫಲ್ಯಗಳ ಸ್ವವಿವರ'ವನ್ನು ಪ್ರತಿಯೊಬ್ಬರೂ ಇಟ್ಟುಕೊಳ್ಳಬೇಕೆಂದು ಸೂಚಿಸಿದರು. ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಯೊಹಾನೆಸ್ ಹೌಸ್‌ಹೋಫರ್ 2016ರಲ್ಲಿ ತಮ್ಮದನ್ನು ಪ್ರಕಟಿಸಿದಾಗ ಅದು ಲೋಕವ್ಯಾಪಿಯಾಗಿ ಹಂಚಿಕೆಯಾಯಿತು. ಅದರ ಕೊನೆಯ ನಮೂದು, ಈ ಪಟ್ಟಿಗೆ ದೊರೆತ ಗಮನ ತಮ್ಮ ಒಟ್ಟು ವಿದ್ವತ್ಕಾರ್ಯಕ್ಕೂ ದೊರೆತಿಲ್ಲ ಎಂಬುದಾಗಿತ್ತು.

ಟೀಕೆ ಮತ್ತು ಚರ್ಚೆ

ಸೋಲೇ ಗೆಲುವಿನ ಸೋಪಾನ ಎಂಬ ಜನಪ್ರಿಯ ಹೇಳಿಕೆಯನ್ನು ಸಂಶೋಧನೆ ಪೂರ್ತಿಯಾಗಿ ಬೆಂಬಲಿಸುವುದಿಲ್ಲ. ಲಾರೆನ್ ಎಸ್ಕ್ರೈಸ್-ವಿಂಕ್ಲರ್ ಮತ್ತು ಐಲೆಟ್ ಫಿಶ್‌ಬಾಕ್ 2019ರಲ್ಲಿ ಪ್ರಕಟಿಸಿದ ಸರಣಿ ಪ್ರಯೋಗಗಳಲ್ಲಿ ಎರಡೇ ಆಯ್ಕೆಗಳುಳ್ಳ ಪ್ರಶ್ನೆಗಳನ್ನು ಬಳಸಲಾಯಿತು. ಉತ್ತರ ತಪ್ಪೆಂದು ತಿಳಿದರೆ ಇನ್ನೊಂದೇ ಸರಿಯೆಂದು ತಾನಾಗಿ ತಿಳಿಯುತ್ತದೆ. ಆದರೂ ತಪ್ಪೆಂದು ಹೇಳಿಸಿಕೊಂಡವರು ಸರಿಯೆಂದು ಹೇಳಿಸಿಕೊಂಡವರಿಗಿಂತ ಕಡಿಮೆ ಕಲಿತರು. ಸೋಲು ಅಹಂಗೆ ಪೆಟ್ಟು ಕೊಡುವುದರಿಂದ ಜನ ಅದರತ್ತ ಗಮನವನ್ನೇ ಕೊಡುವುದಿಲ್ಲ ಎಂಬುದು ಸಂಶೋಧಕರ ವಿವರಣೆ. ಬೇರೆಯವರ ತಪ್ಪಿನಿಂದ ಕಲಿಯುವಾಗ ಈ ಅಡ್ಡಿ ಕಾಣಲಿಲ್ಲ.

ಶಾಲೆಗಳಲ್ಲಿ ಬಳಕೆಗೆ ಬಂದ ಕೆಲವು ವಿಧಾನಗಳ ಫಲವೂ ಮೊದಲು ಹೇಳಿದಷ್ಟಿಲ್ಲ. ಪರೀಕ್ಷೆಗೆ ಮೊದಲು ಹತ್ತು ನಿಮಿಷ ತಮ್ಮ ಆತಂಕವನ್ನು ಬರೆದರೆ ಅಂಕ ಹೆಚ್ಚುತ್ತದೆಂದು ಜೆರಾರ್ಡೊ ರಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ವರದಿ ಮಾಡಿದ್ದರು. 2018ರ ಮರುಪರೀಕ್ಷೆಯಲ್ಲಿ ಆ ಫಲಿತಾಂಶ ಮರುಕಳಿಸಲಿಲ್ಲ. ಸಾಮರ್ಥ್ಯ ಬೆಳೆಯಬಲ್ಲದೆಂಬ ಡ್ವೆಕ್ ಅವರ ಮನೋಭಾವ ಸಿದ್ಧಾಂತವನ್ನು ಅಮೆರಿಕದ ಸುಮಾರು 12,000 ಒಂಬತ್ತನೇ ತರಗತಿಯ ವಿದ್ಯಾರ್ಥಿಗಳಲ್ಲಿ ಪರೀಕ್ಷಿಸಿದ 2019ರ ಅಧ್ಯಯನವು ಹಿಂದುಳಿದ ವಿದ್ಯಾರ್ಥಿಗಳ ಅಂಕಗಳಲ್ಲಿ ಸಣ್ಣ ಏರಿಕೆಯನ್ನು ಮಾತ್ರ ಕಂಡಿತು. ಸವಾಲನ್ನು ಸ್ವೀಕರಿಸುವುದನ್ನು ಸಹಪಾಠಿಗಳೂ ಮೆಚ್ಚುವ ಶಾಲೆಗಳಲ್ಲಿ ಆ ಏರಿಕೆ ಹೆಚ್ಚಾಗಿತ್ತು.

ಇನ್ನೊಂದು ಆಕ್ಷೇಪ ಬದುಕುಳಿದವರ ಕಥೆಗಳ ಕುರಿತಾದುದು. ಹತ್ತು ಸಲ ಸೋತು ಹನ್ನೊಂದನೆಯ ಸಲ ಗೆದ್ದವರ ಚರಿತ್ರೆ ಅಚ್ಚಾಗುತ್ತದೆ. ಹನ್ನೊಂದನೆಯ ಸಲವೂ ಸೋತವರದು ಅಚ್ಚಾಗುವುದಿಲ್ಲ. ಹೀಗಾಗಿ ಪಟ್ಟು ಹಿಡಿದವರೆಲ್ಲ ಗೆಲ್ಲುತ್ತಾರೆಂಬ ತಪ್ಪು ಚಿತ್ರ ಮೂಡುತ್ತದೆ. ನಾಗರಿಕ ಸೇವೆಗಳ ಪರೀಕ್ಷೆಯಂತೆ ಸ್ಥಾನಗಳು ಕೆಲವೇ ಇದ್ದು ಅಭ್ಯರ್ಥಿಗಳು ಲಕ್ಷಗಟ್ಟಲೆ ಇರುವಲ್ಲಿ ಬಹುಪಾಲು ಜನ ಆಯ್ಕೆಯಾಗದಿರುವುದು ಲೆಕ್ಕದಿಂದಲೇ ನಿಶ್ಚಿತ, ಅವರ ಮನೋಬಲದ ಕೊರತೆಯಿಂದಲ್ಲ. ಕೈಗೆಟುಕದ ಗುರಿಯನ್ನು ಸಕಾಲದಲ್ಲಿ ಬಿಟ್ಟು ಬೇರೊಂದನ್ನು ಹಿಡಿಯಬಲ್ಲವರ ಮಾನಸಿಕ ಕ್ಷೇಮ ಉತ್ತಮವಾಗಿರುತ್ತದೆಂದು ಕಾರ್ಸ್ಟನ್ ರಾಷ್ ಮತ್ತು ಸಹೋದ್ಯೋಗಿಗಳು 2003ರಲ್ಲಿ ವರದಿ ಮಾಡಿದ್ದಾರೆ. ಗುರಿ ಬಿಡುವುದನ್ನೂ ಹೆದರಿ ಹಿಂಜರಿಯುವುದನ್ನೂ ಹೊರಗಿನಿಂದ ನೋಡಿ ಬೇರ್ಪಡಿಸುವುದು ಸುಲಭವಲ್ಲ.